ಬೋರ್ಡು ಹೋಗಿರಲಿಲ್ಲ, ಐದು ಕಂಡೆನ್ಸರ್ ಹೋಗಿತ್ತು

ನಾನು ಓದಿದ್ದು ಏಳನೇ ಕ್ಲಾಸು. ಚಳ್ಳಕೆರೆ ತಾಲೂಕಿನ ಒಣ ಬೇಸಾಯದವನು. ಆರು ಎಕರೆ ಮಸಾರಿ ಹೊಲ, ಅದರಲ್ಲಿ ಶೇಂಗಾ, ನಡುವೆ ತೊಗರಿ ಅಕ್ಕಡಿ ಸಾಲು, ಒಂದು ಮೂಲೆಯಲ್ಲಿ ಸಜ್ಜೆ, ಹಿಂಗಾರಿಗೆ ಹುರುಳಿ. ಇಂಥವನು ಕಂಪ್ಯೂಟರ್ ರಿಪೇರಿ ಬಗ್ಗೆ ಬರೆಯೋದು ನೋಡಿ ಕೆಲವರಿಗೆ ನಗು ಬರಬಹುದು. ಬರಲಿ. ನಾನು ಬರೆಯುತ್ತಿರೋದು ಕಂಪ್ಯೂಟರ್ ದೊಡ್ಡ ಸಂಗತಿ ಅಂತಲ್ಲ. "ಹೋಯ್ತು, ಬಿಸಾಕಿ, ಹೊಸದು ತಗೊಳ್ಳಿ" ಅನ್ನೋ ಮಾತನ್ನು ನಾವು ರೈತರು ಎಷ್ಟು ಸುಲಭವಾಗಿ ನಂಬೋಕೆ ಶುರು ಮಾಡಿದ್ದೀವಿ ಅನ್ನೋದನ್ನು ಹೇಳೋಕೆ.

ಮೊದಲು ನಡೆದದ್ದು ಹೇಳ್ತೀನಿ. ನನ್ನ ಅಭಿಪ್ರಾಯ ಆಮೇಲೆ.

ಕಂಪ್ಯೂಟರ್ ನಮಗೆ ಯಾಕೆ ಬೇಕಿತ್ತು

ನಮ್ಮೂರಲ್ಲಿ 23 ಮನೆಯವರು ಸೇರಿ ಬೀಜದ ಸಂಘ ಮಾಡಿಕೊಂಡಿದ್ದೇವೆ. ಬಿತ್ತನೆಗೆ ಮುಂಚೆ ಶೇಂಗಾ ಬೀಜ ಕಡ ಕೊಡೋದು, ಸುಗ್ಗಿ ಆದಮೇಲೆ ಸವಾಯಿ ಸೇರಿಸಿ ವಾಪಸು ತಗೊಳ್ಳೋದು. 40 ಕಿಲೋ ಒಯ್ದವರು 50 ಕಿಲೋ ತಂದು ಹಾಕಬೇಕು. ಮಳೆ ಕೈಕೊಟ್ಟ ವರ್ಷ ಸವಾಯಿ ಮಾಫಿ, ಅಸಲು ಮಾತ್ರ ಮುಂದಿನ ವರ್ಷಕ್ಕೆ. ಸಾಹುಕಾರರ ಬಾಗಿಲಿಗೆ ಹೋಗೋದು ಇದರಿಂದ ತಪ್ಪಿದೆ.

ಇದರ ಲೆಕ್ಕ ಇಡೋಕೆ ಅಂತ 2014ರಲ್ಲಿ 4,500 ರೂಪಾಯಿಗೆ ಒಂದು ಹಳೇ ಕಂಪ್ಯೂಟರ್ ತಂದ್ವಿ. ಅಂಗಡಿಯವರು ಬಿಡಿ ಭಾಗ ಜೋಡಿಸಿ ಮಾಡಿದ್ದು. ಆಗ ಬಿ.ಕಾಂ. ಓದುತ್ತಿದ್ದ ನನ್ನ ಮಗಳು ಲೆಕ್ಕವನ್ನೆಲ್ಲ ಅದಕ್ಕೆ ಹಾಕಿದಳು. ಜೊತೆಗೆ ನನ್ನ ಮಳೆ ಪುಸ್ತಕವನ್ನೂ ಹಾಕಿದಳು. 1998ರಿಂದ ನಾನು ಮನೆ ಮುಂದೆ ಮಳೆಮಾಪಕ ಇಟ್ಟುಕೊಂಡು, ಯಾವ ಮಳೆಗೆ ಎಷ್ಟು ಮಿಲಿಮೀಟರ್ ಬಿತ್ತು ಅಂತ ದಿನಾ ಬರೆದಿಟ್ಟವನು. ಮಗಳು ಮದುವೆಯಾಗಿ ಹೋದ ಮೇಲೆ ನಾನೇ ಒಂದೊಂದೇ ಬೆರಳಲ್ಲಿ ಅಕ್ಷರ ಹುಡುಕಿ ಒತ್ತೋದು ಕಲಿತೆ. 2019ರಲ್ಲಿ ಗೂಡಿನಲ್ಲಿದ್ದ ಹಳೇ ನೋಟುಪುಸ್ತಕಗಳಿಗೆ ಗೆದ್ದಲು ಹತ್ತಿತು. ಉಳಿದದ್ದು ಕಂಪ್ಯೂಟರಿನೊಳಗಿದ್ದ ಒಂದೇ ಪ್ರತಿ.

ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬೇಕು ಅನ್ನೋ ಬುದ್ಧಿ ನನಗೆ ಬರಲಿಲ್ಲ. ಬೀಜವನ್ನು ಎರಡು ಮನೆಯಲ್ಲಿ ಇಡಬೇಕು ಅಂತ ಊರಿಗೆಲ್ಲ ಹೇಳೋನು ನಾನೇ.

2024ರ ಬೇಸಿಗೆಯಲ್ಲಿ ಕಂಪ್ಯೂಟರ್ ತಕರಾರು ಶುರು ಮಾಡಿತು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಒಂದು ಸಲಕ್ಕೆ ಶುರು ಆಗ್ತಿರಲಿಲ್ಲ, ಮೂರು ನಾಲ್ಕು ಸಲ ಒತ್ತಬೇಕು. ಮಧ್ಯಾಹ್ನದ ಕಾವಿಗೆ ಕೆಲಸ ಮಾಡುತ್ತಾ ಮಾಡುತ್ತಾ ಹಾಗೇ ಕಲ್ಲಿನಂತೆ ನಿಂತುಬಿಡೋದು. ಮೇ ತಿಂಗಳ ಕೊನೆಗೆ, ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ, ಪೂರ್ತಿ ನಿಂತಿತು. ಫ್ಯಾನು ಒಂದು ಸುತ್ತು ತಿರುಗೋದು, ನಿಲ್ಲೋದು. ಪರದೆ ಮೇಲೆ ಏನೂ ಇಲ್ಲ.

ಬೀಜ ಹಂಚೋಕೆ ಇನ್ನು ಎರಡು ವಾರ. ಯಾರ ಹತ್ತಿರ ಬಾಕಿ ಎಷ್ಟು ಅನ್ನೋ ಲೆಕ್ಕ ಒಳಗೆ. ಸಂಘದ ಸಭೆ ಸೇರಿದಾಗ ಗಂಡನ್ನು ಕಳೆದುಕೊಂಡ ಒಬ್ಬ ಹೆಣ್ಣುಮಗಳು, "ನಾನು ಹೋದ ಸುಗ್ಗೀಲೇ ಐವತ್ತು ಕಿಲೋ ತಂದು ಹಾಕಿದೀನಿ ಕಣಣ್ಣ" ಅಂದಳು. ಬೀಜ ಅಳೆಸಿಕೊಂಡ ಹುಡುಗನಿಗೆ ನೆನಪಿಲ್ಲ. ಆ ದಿನ ನಾನು ಊರಲ್ಲಿರಲಿಲ್ಲ. ಚೀಟಿ ನೋಡಿ ಒತ್ತಿದ್ದೇನೋ ಹೌದು, ಆದರೆ ಯಾರದು ಎಷ್ಟು ಅಂತ ತಲೆಯಲ್ಲಿ ಉಳಿದಿರಲಿಲ್ಲ, ಚೀಟಿಯನ್ನೂ ಇಟ್ಟಿರಲಿಲ್ಲ. ಇಬ್ಬರು ಮೂವರು ಮುಖ ಮುಖ ನೋಡಿಕೊಂಡರು. ಆಕೆ ಹೇಳೋದು ಸುಳ್ಳು ಅಂತ ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ಸಂಘ ಒಡೆಯೋದು ಇಂಥ ಕಡೆಯೇ. ದುಡ್ಡಿಗಲ್ಲ, ಅನುಮಾನಕ್ಕೆ.

"ಬೋರ್ಡೇ ಹೋಗಿದೆ ಅಂಕಲ್"

ಪೇಟೆಯ ಕಂಪ್ಯೂಟರ್ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದ ಹುಡುಗ ಒಳ್ಳೆಯವನೇ. ಡಬ್ಬಿ ಬಿಚ್ಚಿ, ಒಂದು ಸಲ ಸ್ವಿಚ್ ಒತ್ತಿ ನೋಡಿ, "ಮದರ್‌ಬೋರ್ಡ್ ಡೆಡ್ ಅಂಕಲ್" ಅಂದ.

"ಬೋರ್ಡಿನಲ್ಲಿ ಏನು ಹೋಗಿದೆಯಪ್ಪ?"

"ಬೋರ್ಡೇ ಹೋಗಿದೆ. ಈ ಮಾಡೆಲ್ ಈಗ ಬರಲ್ಲ. ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರೂ ಹೊಸದು ಹಾಕಬೇಕು. ಒಂಬತ್ತು ಸಾವಿರ ಆಗುತ್ತೆ."

"ಒಳಗಿರೋ ಲೆಕ್ಕ?"

"ಅದು ಗ್ಯಾರಂಟಿ ಇಲ್ಲ."

ಒಂಬತ್ತು ಸಾವಿರ ಅಂದರೆ ನಮಗೆ ಎಷ್ಟು? 2024-25ಕ್ಕೆ ಸರ್ಕಾರ ಶೇಂಗಾಕ್ಕೆ ಇಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 6,783 ರೂಪಾಯಿ. ಆ ಬೆಲೆ ಕೈಗೆ ಸಿಕ್ಕಿದರೂ ಒಂದೂಕಾಲು ಕ್ವಿಂಟಾಲಿಗೂ ಮಿಕ್ಕಿ ಕಾಯಿ ಮಾರಬೇಕು. ಬಿತ್ತನೆ ಮುಂದೆ ನಿಂತಿರುವಾಗ ಅಷ್ಟು ದುಡ್ಡು ಎಲ್ಲಿಂದ ತರೋದು?

ಬಸ್ಸಿಗೆ ಕಾಯುತ್ತಾ ಕೂತಾಗ ಆ ಹುಡುಗನ ಮಾತೇ ತಲೆಯಲ್ಲಿ ತಿರುಗುತ್ತಿತ್ತು. "ಬೋರ್ಡೇ ಹೋಗಿದೆ." ಎತ್ತು ಕುಂಟುತ್ತೆ ಅಂತ ದನದ ಡಾಕ್ಟ್ರನ್ನು ಕರೆದರೆ, "ಎತ್ತೇ ಹೋಗಿದೆ, ಹೊಸದು ತಗೊಳ್ಳಿ" ಅಂದರೆ ನಾವು ಕೇಳ್ತೀವಾ? ಗೊರಸು ನೋಡಿ, ಮುಳ್ಳಿದೆಯಾ ನೋಡಿ, ಬಾವು ಇದೆಯಾ ನೋಡಿ ಅಂತೀವಿ. ಬೋರ್ಡು ಅನ್ನೋದು ಒಂದು ವಸ್ತುವಲ್ಲ, ನೂರಾರು ವಸ್ತು ಸೇರಿದ್ದು. ಅದರಲ್ಲಿ ಯಾವುದು ಹೋಗಿದೆ ಅಂತ ಯಾರಾದರೂ ನೋಡಬೇಕಲ್ಲ?

ರೇಡಿಯೊ ಅಂಗಡಿಯಲ್ಲಿ ಕಂಡದ್ದು

ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಳೇ ರೇಡಿಯೊ ರಿಪೇರಿ ಅಂಗಡಿ ಒಂದಿದೆ. ನಾನು ಅಣ್ಣ ಅಂತಲೇ ಕರೆಯೋದು. ಎಪ್ಪತ್ತರ ಹತ್ತಿರದವರು. ಹಿಂದೆ ನನ್ನ ಮರ್ಫಿ ರೇಡಿಯೊ, ಆಮೇಲೆ ಟೇಪ್‌ರೆಕಾರ್ಡರ್, ಟಿ.ವಿ. ಎಲ್ಲ ಅವರ ಕೈಲೇ ಬದುಕಿದ್ದು. ಈಗ ಬೋರ್‌ವೆಲ್ ಸ್ಟಾರ್ಟರ್, ಫ್ಯಾನು, ಮಿಕ್ಸಿ ರಿಪೇರಿ ಮಾಡಿಕೊಂಡಿದ್ದಾರೆ. ಕಂಪ್ಯೂಟರನ್ನು ಅವರ ಮೇಜಿನ ಮೇಲಿಟ್ಟೆ.

"ನನಗೆ ಇದರ ವಿದ್ಯೆ ಪೂರ್ತಿ ಬರಲ್ಲಪ್ಪ. ಆದರೆ ಕರೆಂಟು ಎಲ್ಲಾ ಕಡೆ ಒಂದೇ. ನೋಡೋಣ ಇರು" ಅಂದರು.

ಮೊದಲು ಕರೆಂಟು ಕೊಡುವ ಡಬ್ಬಿಯನ್ನು ಬೇರೆ ಮಾಡಿ ಮೀಟರ್ ಹಿಡಿದರು. 12 ವೋಲ್ಟು, 5 ವೋಲ್ಟು, 3.3 ವೋಲ್ಟು, ಮೂರೂ ಸರಿಯಾಗಿ ಬರುತ್ತಿತ್ತು. "ಇದು ಗಟ್ಟಿಯಾಗಿದೆ" ಅಂದು ಪಕ್ಕಕ್ಕಿಟ್ಟರು. ಆಮೇಲೆ ಬೋರ್ಡಿನ ಧೂಳನ್ನು ಬಣ್ಣ ಬಳಿಯುವ ಬ್ರಷ್ಷಿನಲ್ಲಿ ಗುಡಿಸಿ, ಕನ್ನಡಕ ಏರಿಸಿ, ದೀಪ ಹಿಡಿದು ನೋಡಿದರು. ಎರಡು ನಿಮಿಷ ಆಗಿರಬೇಕು.

"ಬಾ ಇಲ್ಲಿ. ನೀನೇ ನೋಡು."

ಪ್ರೊಸೆಸರ್ ಕೂರುವ ಜಾಗದ ಸುತ್ತ ಸಣ್ಣ ಸಣ್ಣ ಡಬ್ಬಿಗಳು ಸಾಲಾಗಿ ನಿಂತಿದ್ದವು, ಕಿರುಬೆರಳಿನ ತುದಿಯಷ್ಟು. ತಲೆ ಮೇಲೆ ಶಿಲುಬೆಯಂತೆ ಗೀರು. ಕೆಲವುದರ ತಲೆ ತಟ್ಟೆಯಂತೆ ಸಪಾಟಾಗಿತ್ತು. ಐದರ ತಲೆ ಪೂರಿಯಂತೆ ಉಬ್ಬಿತ್ತು. ಅದರಲ್ಲೂ ಎರಡರ ಗೀರು ಬಿಟ್ಟು, ಕಂದು ಬಣ್ಣದ ಅಂಟು ಹೊರಗೆ ಬಂದು ಒಣಗಿತ್ತು.

"ಇದೇನಣ್ಣ?"

"ಕಂಡೆನ್ಸರ್. ನಿಮ್ಮ ಬೋರ್‌ವೆಲ್ ಪ್ಯಾನೆಲ್ಲಿನಲ್ಲಿ ಇರಲ್ವ? ಸೀಲಿಂಗ್ ಫ್ಯಾನಿನಲ್ಲಿ ಇರಲ್ವ? ಅದರ ತಮ್ಮ."

ನನಗೆ ಅಲ್ಲಿಯವರೆಗೆ ಕಂಪ್ಯೂಟರ್ ಅಂದರೆ ಬೇರೆ ಲೋಕದ್ದು. ಕಂಡೆನ್ಸರ್ ಅಂದ ಕೂಡಲೇ ಅದು ನಮ್ಮೂರಿಗೆ ಇಳಿದು ಬಂದ ಹಾಗಾಯಿತು. ಫ್ಯಾನು ನಿಧಾನ ಆದರೆ ಕಂಡೆನ್ಸರ್ ಹಾಕಿಸೋದು ನಮ್ಮಲ್ಲಿ ಯಾವ ಮನೆಯವರಿಗೆ ಗೊತ್ತಿಲ್ಲ? ಆ ಫ್ಯಾನನ್ನು ಯಾರಾದರೂ ಬಿಸಾಕ್ತಾರಾ?

ಕಂಡೆನ್ಸರ್ ಯಾಕೆ ಉಬ್ಬುತ್ತೆ

ಅಣ್ಣ ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ.

ಕಂಡೆನ್ಸರ್ ಅಂದರೆ ಕರೆಂಟಿನ ತೊಟ್ಟಿ. ಬೋರ್‌ವೆಲ್ ನೀರು ಒಮ್ಮೆ ಜೋರು, ಒಮ್ಮೆ ಸಣ್ಣಗೆ ಬಂದರೂ ತೊಟ್ಟಿಗೆ ಬಿಟ್ಟು ಅಲ್ಲಿಂದ ಹಾಯಿಸಿದರೆ ಸಾಲಿಗೆ ಒಂದೇ ಸಮ ಹೋಗುತ್ತೆ. ಹಾಗೆಯೇ ಇದು. ಡಬ್ಬಿಯಿಂದ ಬರುವ 12 ವೋಲ್ಟನ್ನು ಬೋರ್ಡು ಇಳಿಸಿ ಇಳಿಸಿ ಪ್ರೊಸೆಸರಿಗೆ ಒಂದು, ಒಂದೂವರೆ ವೋಲ್ಟಿನಷ್ಟು ಮಾಡಿ ಕೊಡುತ್ತೆ. ಪ್ರೊಸೆಸರ್ ಕ್ಷಣಕ್ಕೊಂದು ಸಲ ಹೆಚ್ಚು ಕರೆಂಟು ಎಳೆಯುತ್ತೆ, ಬಿಡುತ್ತೆ. ಈ ಎಳೆತಕ್ಕೆ ವೋಲ್ಟೇಜು ಅಲ್ಲಾಡದಂತೆ ಹಿಡಿದಿಡೋದೇ ಸುತ್ತ ನಿಂತ ಕಂಡೆನ್ಸರುಗಳ ಕೆಲಸ. ತೊಟ್ಟಿ ಒಡೆದರೆ ಕೊನೆ ಸಾಲಿಗೆ ನೀರು ಮುಟ್ಟಲ್ಲ. ಕಂಡೆನ್ಸರ್ ಕೆಟ್ಟರೆ ಪ್ರೊಸೆಸರ್ ಏಳಲ್ಲ.

ಅದರೊಳಗೆ ಎರಡು ತೆಳು ಅಲ್ಯುಮಿನಿಯಂ ಹಾಳೆ, ನಡುವೆ ಕಾಗದ, ಆ ಕಾಗದಕ್ಕೆ ಒಂದು ದ್ರವದ ತೇವ. ಮೂರನ್ನೂ ಚಾಪೆಯಂತೆ ಸುತ್ತಿ ಡಬ್ಬಿಗೆ ತುಂಬಿ, ತಳಕ್ಕೆ ರಬ್ಬರ್ ಬಿರಡೆ ಹಾಕಿರುತ್ತಾರೆ. ಆ ತೇವ ಇರೋವರೆಗೆ ಅದಕ್ಕೆ ಜೀವ. ಕಾವಿಗೆ ತೇವ ಆರುತ್ತಾ ಹೋದಂತೆ ಹಿಡಿಯುವ ಶಕ್ತಿ ಕಮ್ಮಿಯಾಗಿ, ಒಳಗಿನ ತಡೆ ಜಾಸ್ತಿಯಾಗುತ್ತೆ. ಒಳಗೆ ಗಾಳಿ ಹುಟ್ಟಿ ತಲೆ ಉಬ್ಬುತ್ತೆ. ಸಿಡಿಯಬಾರದು, ಮೆಲ್ಲಗೆ ಬಿಟ್ಟುಕೊಳ್ಳಬೇಕು ಅಂತಲೇ ತಲೆ ಮೇಲೆ ಆ ಗೀರು ಹಾಕಿರೋದು. ತೇವ ಆರಿದ ಮೇಲೆ ಬೆಳೆ ನಿಲ್ಲಲ್ಲ ಅನ್ನೋದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಂಡೆನ್ಸರಿನ ಮೈಮೇಲೆ 105 ಡಿಗ್ರಿ ಅಂತ ಬರೆದಿರುತ್ತೆ. ಅಷ್ಟು ಕಾವಿನಲ್ಲಿ ಇಂತಿಷ್ಟು ಗಂಟೆ ಬಾಳುತ್ತೆ ಅಂತ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವುದು ಹತ್ತು ಡಿಗ್ರಿ ಕಮ್ಮಿಯಾದರೆ ಸುಮಾರು ಎರಡರಷ್ಟು, ಇನ್ನೂ ಹತ್ತು ಕಮ್ಮಿಯಾದರೆ ನಾಲ್ಕರಷ್ಟು ಬಾಳುತ್ತೆ. ಅಂದರೆ ಧೂಳು ತುಂಬಿ, ಫ್ಯಾನು ಸುಸ್ತಾಗಿ, ತಗಡಿನ ಮನೆಯಲ್ಲಿ ಕಂಪ್ಯೂಟರ್ ಇಟ್ಟರೆ ನಾವೇ ಅದರ ಆಯಸ್ಸು ತಿಂದ ಹಾಗೆ. ನಮ್ಮದು ತಗಡಿನ ಕೆಳಗೇ ಇತ್ತು.

ಇದರ ಹಿಂದೆ ಇನ್ನೊಂದು ದೊಡ್ಡ ಕಥೆ ಇದೆ. ಮಗಳು ಓದಿ ಹೇಳಿದ್ದು. 1999ರಿಂದ 2007ರವರೆಗೆ ತಯಾರಾದ ಬೋರ್ಡುಗಳಲ್ಲಿ, ಹೆಚ್ಚಾಗಿ ತೈವಾನಿನಲ್ಲಿ ಮಾಡಿದ ಕಂಡೆನ್ಸರುಗಳು ಪ್ರಪಂಚದಲ್ಲೆಲ್ಲ ಹೀಗೆ ಉಬ್ಬಿ ಒಡೆದವಂತೆ. ಒಳಗಿನ ದ್ರವದಲ್ಲಿ ನೀರಿನ ಅಂಶ ಜಾಸ್ತಿ, ಆ ನೀರು ಅಲ್ಯುಮಿನಿಯಂ ತಿನ್ನದಂತೆ ತಡೆಯುವ ಮದ್ದು ಸರಿಯಾಗಿ ಸೇರಿರಲಿಲ್ಲ. ಅದರಿಂದ ಜಲಜನಕ ಅನಿಲ ಹುಟ್ಟಿ ಡಬ್ಬಿ ಒಡೆಯುತ್ತಿತ್ತು. ಡೆಲ್ ಅನ್ನೋ ಅಮೆರಿಕದ ಕಂಪನಿ 2005ರಲ್ಲಿ ಇಂಥ ಬೋರ್ಡು ಸರಿಮಾಡಿ ಕೊಡೋಕೆ ಅಂತಲೇ 30 ಕೋಟಿ ಡಾಲರ್ ತೆಗೆದಿಟ್ಟಿತು. ಕೆಲವೇ ರೂಪಾಯಿಯ ಡಬ್ಬಿಯೊಳಗಿನ ಹನಿ ದ್ರವ ಸರಿಯಿಲ್ಲದ್ದಕ್ಕೆ ಇಷ್ಟೆಲ್ಲ. ನಮ್ಮ ಬೋರ್ಡು ಹುಟ್ಟಿದ್ದೂ 2007ರಲ್ಲೇ.

ರಿಪೇರಿ ಹೇಗೆ ನಡೆಯಿತು

ಅಂಗಡಿಯಲ್ಲಿದ್ದ ಟಿ.ವಿ. ಕಂಡೆನ್ಸರನ್ನೇ ಹಾಕಿ ಅಂದೆ. ಅಣ್ಣ ಒಪ್ಪಲಿಲ್ಲ. "ಅಳತೆ ಒಂದೇ ಇದ್ದರೂ ಜಾತಿ ಬೇರೆ. ಇದಕ್ಕೆ ಒಳಗಿನ ತಡೆ ಕಮ್ಮಿ ಇರೋದೇ ಬೇಕು. ಲೋ ಇ.ಎಸ್.ಆರ್. ಅಂತಾರೆ. ಸಾದಾದು ಹಾಕಿದರೆ ನಾಲ್ಕು ದಿನಕ್ಕೆ ಮತ್ತೆ ಬರ್ತೀಯ" ಅಂದರು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಿಂದ ಕೊರಿಯರಿನಲ್ಲಿ ತರಿಸಿದರು. 6.3 ವೋಲ್ಟ್, 3300 ಮೈಕ್ರೋಫ್ಯಾರಡ್, 105 ಡಿಗ್ರಿ. ಮೂರು ದಿನಕ್ಕೆ ಬಂತು.

ಕೆಲಸ ಮಾಡುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಕಂಡದ್ದನ್ನು ಸಾಲಾಗಿ ಹೇಳುತ್ತೇನೆ.

ಮೊದಲು ಹಳೆಯದು ಯಾವ ದಿಕ್ಕಿಗೆ ಮುಖ ಮಾಡಿ ಕೂತಿದೆ ಅಂತ ಮೊಬೈಲಿನಲ್ಲಿ ಫೋಟೊ ತೆಗೆಸಿದರು. ಕಂಡೆನ್ಸರಿನ ಮೈಮೇಲೆ ಪಟ್ಟೆ ಇರುವ ಕಡೆ ಮೈನಸ್. ಹೊಸದರಲ್ಲಿ ಉದ್ದ ಕಾಲು ಪ್ಲಸ್. ಬೋರ್ಡಿನ ಮೇಲೆ ಬಿಳಿ ಅರ್ಧಚಂದ್ರದ ಗುರುತು ಇರುತ್ತೆ, ಬಹಳ ಬೋರ್ಡುಗಳಲ್ಲಿ ಅದು ಮೈನಸ್. ಕೆಲವು ಕಂಪನಿಯವರದ್ದು ಉಲ್ಟಾ. ಆದ್ದರಿಂದ ಗುರುತು ನಂಬಬಾರದು, ಹಳೆಯದು ಕೂತಿದ್ದ ಹಾಗೆಯೇ ಹೊಸದು ಕೂರಬೇಕು. ತಿರುಗಾಮುರುಗಾ ಆದರೆ ಪಟಾಕಿಯಂತೆ ಸಿಡಿಯುತ್ತೆ.

ಎರಡನೆಯದು, ಬಿಚ್ಚೋದು. ಬೋರ್ಡು ಒಂದೇ ಪದರದ್ದಲ್ಲ, ಒಳಗೆ ತಾಮ್ರದ ಹಲವು ಪದರ. ಕಾವನ್ನು ಅದೇ ಎಳೆದುಕೊಂಡುಬಿಡುತ್ತೆ. ಅದಕ್ಕೇ ರೇಡಿಯೊಗೆ ಬಳಸುವ ಸಣ್ಣ ಬೆಸುಗೆ ಕಡ್ಡಿ ಸಾಲಲ್ಲ, 60 ವ್ಯಾಟಿನದು ಬೇಕು. ಹಳೇ ಬೆಸುಗೆ ಮೇಲೆ ಹೊಸ ಸೀಸ ಸ್ವಲ್ಪ ಕರಗಿಸಿ ಹಾಕಿದರು, ಆಗ ಹಳೆಯದು ಬೇಗ ಕರಗುತ್ತೆ. ಒಂದು ಕಾಲು ಕಾಯಿಸಿ ಇತ್ತ ವಾಲಿಸೋದು, ಇನ್ನೊಂದು ಕಾಲು ಕಾಯಿಸಿ ಅತ್ತ ವಾಲಿಸೋದು, ಹೀಗೆ ಹಾಲುಹಲ್ಲು ಕೀಳುವ ಹಾಗೆ. ಬಲವಂತ ಮಾಡಿ ಕಿತ್ತರೆ ತೂತಿನೊಳಗಿನ ತಾಮ್ರವೇ ಕಿತ್ತು ಬರುತ್ತೆ. ಆಗ ಬೋರ್ಡು ನಿಜವಾಗಿ ಹೋಗುತ್ತೆ.

ಮೂರನೆಯದು, ತೂತು ಬಿಡಿಸೋದು. ಬೆಸುಗೆ ಕರಗಿರುವಾಗಲೇ ಸ್ಟೀಲ್ ಸೂಜಿ ತೂರಿಸಿದರು. ಸೀಸ ಸ್ಟೀಲಿಗೆ ಹಿಡಿಯಲ್ಲ.

ನಾಲ್ಕನೆಯದು, ಹೊಸದನ್ನು ಕೂರಿಸಿ ಬೆಸೆದು, ಮಿಕ್ಕ ಕಾಲು ಕತ್ತರಿಸಿ, ಸ್ಪಿರಿಟಿನಲ್ಲಿ ಒರೆಸೋದು. ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಬೇಕು. ವೋಲ್ಟು ಅಷ್ಟೇ ಅಥವಾ ಹೆಚ್ಚು ಇರಬಹುದು, ಕಮ್ಮಿ ಇರಕೂಡದು.

ನಾಲ್ಕು ಅವರೇ ಹಾಕಿದರು. ಐದನೆಯದಕ್ಕೆ ಬೆಸುಗೆ ಕಡ್ಡಿ ನನ್ನ ಕೈಗೆ ಕೊಟ್ಟು, "ಹಿಡಿ, ಕಲಿ" ಅಂದರು. ಕುಂಟೆ, ಕೂರಿಗೆ ಹಿಡಿದ ಕೈ. ನಡುಗಿತು. ಬೆಸುಗೆ ಸ್ವಲ್ಪ ಗುಡ್ಡೆಯಾಯಿತು. "ಪರವಾಗಿಲ್ಲ, ಚಂದಕ್ಕಲ್ಲ, ಹಿಡಿದಿದೆಯಲ್ಲ" ಅಂದರು.

ಸ್ವಿಚ್ ಹಾಕಿದೆವು. ಫ್ಯಾನು ತಿರುಗಿತು, ನಿಲ್ಲಲಿಲ್ಲ. ಆದರೆ ಪರದೆ ಕಪ್ಪು. ನನ್ನ ಎದೆ ಧಸಕ್ ಅಂತು. ಅಣ್ಣ ರ‍್ಯಾಮ್ ಪಟ್ಟಿ ಕಿತ್ತು, ಅದರ ಹಳದಿ ಹಲ್ಲುಗಳನ್ನು ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿ ಮತ್ತೆ ಒತ್ತಿದರು. ಈ ಸಲ ಒಂದು ಸಣ್ಣ ಬೀಪ್ ಕೇಳಿ ಪರದೆ ಬೆಳಗಿತು. ತಾರೀಕು ಮಾತ್ರ 2007 ಅಂತ ತೋರಿಸುತ್ತಿತ್ತು, ತನ್ನ ಹುಟ್ಟಿದ ವರ್ಷವನ್ನೇ ಹೇಳುವ ಹಾಗೆ. ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಅದನ್ನೂ ಬದಲಾಯಿಸಿದರು.

ಖರ್ಚು: ಐದು ಕಂಡೆನ್ಸರಿಗೆ 60 ರೂಪಾಯಿ, ಕೊರಿಯರಿಗೆ 80, ಬ್ಯಾಟರಿಗೆ 30, ಕೂಲಿ 250. ಒಟ್ಟು 420 ರೂಪಾಯಿ.

ಅಣ್ಣ ಇನ್ನೊಂದು ಮಾತು ಹೇಳಿದರು: "ಬೋರ್ಡು ಸತ್ತಿದ್ದರೂ ನಿನ್ನ ಲೆಕ್ಕ ಹೋಗ್ತಿರಲಿಲ್ಲ. ಅದಿರೋದು ಹಾರ್ಡ್‌ಡಿಸ್ಕಿನಲ್ಲಿ. ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಓದಬಹುದಿತ್ತು." ಅಡುಗೆಮನೆ ಬಿದ್ದರೆ ಕಣಜದ ಕಾಳು ಎಲ್ಲಿ ಹೋಗುತ್ತೆ? ಇಷ್ಟು ಸಣ್ಣ ಸಂಗತಿ ನನಗೆ ಗೊತ್ತಿಲ್ಲದ್ದಕ್ಕೆ ಎರಡು ವಾರ ನಿದ್ದೆ ಕೆಟ್ಟಿದ್ದೆ.

ಆ ಸಂಜೆಯೇ ಸಂಘದ ಲೆಕ್ಕ ತೆಗೆದು ನೋಡಿದೆವು. ಆ ಹೆಣ್ಣುಮಗಳ ಹೆಸರಿನ ಮುಂದೆ 50 ಕಿಲೋ ವಾಪಸು ಅಂತ ತಾರೀಕು ಸಮೇತ ಇತ್ತು. ನಾನೇ ಒತ್ತಿದ್ದು. ಮುಂದಿನ ಸಭೆಯಲ್ಲಿ ಎಲ್ಲರ ಎದುರು ಓದಿ ಹೇಳಿ, ಆಕೆಯ ಕ್ಷಮೆ ಕೇಳಿದೆ. ಆಕೆ ಏನೂ ಮಾತಾಡಲಿಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು ಅಷ್ಟೆ.

ಈಗ ನನ್ನ ಅಭಿಪ್ರಾಯ

ಕಂಪ್ಯೂಟರ್ ಅಂಗಡಿಯ ಹುಡುಗನನ್ನು ನಾನು ಬೈಯಲ್ಲ. ಅವನಿಗೆ ಕಲಿಸಿರೋದೇ ಹಲಗೆ ಕಿತ್ತು ಹಲಗೆ ಹಾಕೋದನ್ನು. ಬೋರ್ಡಿನ ನಕ್ಷೆಯನ್ನು ಕಂಪನಿಯವರು ಅವನಿಗೆ ಕೊಡಲ್ಲ. ಒಂದು ಗಂಟೆ ಕೂತು ಬೆಸೆದರೆ 250 ರೂಪಾಯಿ, ಹೊಸದು ಮಾರಿದರೆ ಅದಕ್ಕಿಂತ ಹೆಚ್ಚು ಲಾಭ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡ್ತಿದ್ದೆನೋ ಏನೋ.

ತಪ್ಪು ನಮ್ಮದೂ ಇದೆ. ನಮ್ಮಪ್ಪನ ಕಾಲದಲ್ಲಿ ಕೂರಿಗೆಯ ಒಂದು ತಾಳು ಮುರಿದರೆ ಬಡಗಿ ಅದೊಂದನ್ನೇ ಹಾಕಿಕೊಡುತ್ತಿದ್ದ. ಗುಳ ಸವೆದರೆ ಕಮ್ಮಾರ ತಟ್ಟಿಕೊಡುತ್ತಿದ್ದ. ಸಾಮಾನು ಇಡಿಯಾಗಿ ಸಾಯುತ್ತಿರಲಿಲ್ಲ, ಅದರ ಅಂಗ ಕೆಡುತ್ತಿತ್ತು. ಈಗ ಯಂತ್ರದ ಮುಂದೆ ನಾವು ಕೈಕಟ್ಟಿ ನಿಲ್ಲುತ್ತೇವೆ. "ಏನು ಹೋಗಿದೆ?" ಅಂತ ಕೇಳುವುದನ್ನೇ ಬಿಟ್ಟಿದ್ದೇವೆ.

ಇದು ಕಂಪ್ಯೂಟರಿಗೆ ಮುಗಿಯುವ ಮಾತಲ್ಲ. ಟ್ರ್ಯಾಕ್ಟರಿನೊಳಗೂ ಎಲೆಕ್ಟ್ರಾನಿಕ್ ಬೋರ್ಡು ಬಂದಿದೆ. ಡ್ರಿಪ್ಪಿನ ಟೈಮರ್, ಸೋಲಾರ್ ಪಂಪಿನ ಕಂಟ್ರೋಲರ್, ಮೊಬೈಲಿನಿಂದ ಮೋಟಾರು ಶುರುಮಾಡುವ ಡಬ್ಬಿ, ಎಲ್ಲದರಲ್ಲೂ ಬೋರ್ಡಿದೆ, ಬೋರ್ಡಿನ ಮೇಲೆ ಕಂಡೆನ್ಸರ್ ಇದೆ. ಬಿತ್ತುವ ಹದ ಇರೋದು ಮೂರು ನಾಲ್ಕು ದಿನ. ಆಗ ಕಂಪನಿಯ ಮೆಕ್ಯಾನಿಕ್ ಬರೋವರೆಗೆ ಮಳೆ ಕಾಯುತ್ತಾ?

ಅಮೆರಿಕದ ರೈತರು ಈ ವಿಚಾರಕ್ಕೆ ವರ್ಷಗಟ್ಟಲೆ ಜಗಳ ಆಡಿದ್ದಾರೆ. ಕೊಲರಾಡೊ ರಾಜ್ಯದಲ್ಲಿ 2023ರಲ್ಲಿ ಕಾನೂನೇ ಆಯಿತು; ಕೃಷಿ ಯಂತ್ರದ ಬಿಡಿಭಾಗ, ಕೈಪಿಡಿ, ರಿಪೇರಿಗೆ ಬೇಕಾದ ಸಾಫ್ಟ್‌ವೇರ್ ಎಲ್ಲವನ್ನೂ ಕಂಪನಿಯವರು ರೈತನಿಗೂ ಹೊರಗಿನ ಮೆಕ್ಯಾನಿಕ್‌ಗೂ ಕೊಡಬೇಕು ಅಂತ. ಅದು 2024ರ ಜನವರಿ 1ರಿಂದ ಜಾರಿಗೆ ಬಂತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಆರಿಸಿಕೊಂಡ ನಾಲ್ಕು ವಿಭಾಗದಲ್ಲಿ ಕೃಷಿ ಉಪಕರಣವೂ ಒಂದು. ಅದೇ ವರ್ಷ ಡಿಸೆಂಬರಿನಲ್ಲಿ ಕಂಪನಿಗಳ ರಿಪೇರಿ ಮಾಹಿತಿ ಒಂದೇ ಕಡೆ ಸಿಗಲಿ ಅಂತ ಪೋರ್ಟಲ್ ಶುರುವಾಯಿತು. ಒಳ್ಳೆಯದೇ. ಆದರೆ ಹಳ್ಳಿಯ ರೈತನಿಗೆ ಪೋರ್ಟಲ್ ಸಾಲಲ್ಲ. ಬಿಡಿಭಾಗ ಕೊಡದೆ ಇದ್ದರೆ ಕೇಳುವವರು ಇರಬೇಕು. ಇಷ್ಟು ವರ್ಷ ಬಿಡಿಭಾಗ ಸಿಗಲೇಬೇಕು ಅನ್ನೋ ಗಟ್ಟಿ ಕಟ್ಟಳೆ ಇರಬೇಕು. ನಮ್ಮ ರೈತ ಸಂಘಟನೆಗಳು ಬೆಲೆಗೆ, ಬೆಳೆವಿಮೆಗೆ ಕೂಗುವ ಹಾಗೆ ಇದಕ್ಕೂ ಕೂಗಬೇಕು ಅನ್ನೋದು ನನ್ನ ಮಾತು.

ಇ-ತ್ಯಾಜ್ಯಕ್ಕೆ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಯಾರಿಸಿದವರೇ ಹಳೆಯದರ ಮರುಬಳಕೆಗೆ ಹೊಣೆ ಅಂತ ಅದು ಹೇಳುತ್ತೆ. ಆದರೆ ಪುಡಿಮಾಡಿ ಲೋಹ ತೆಗೆಯೋದಕ್ಕಿಂತ, ರಿಪೇರಿ ಮಾಡಿ ಇನ್ನೈದು ವರ್ಷ ಓಡಿಸೋದು ಮೇಲಲ್ಲವೇ? ನಮ್ಮ ಕಡೆ ಗುಜರಿಯವರು ತಾಮ್ರಕ್ಕೆ ಅಂತ ವೈರು ಸುಡುವಾಗ ಆ ಹೊಗೆ ಕುಡಿಯೋದು ನಮ್ಮ ಮಕ್ಕಳೇ.

ಎಲ್ಲವೂ ಏಳಲ್ಲ

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಸತ್ತ ಬೋರ್ಡೆಲ್ಲ ಕಂಡೆನ್ಸರ್ ಹಾಕಿದರೆ ಏಳುತ್ತೆ ಅಂತ ಯಾರೂ ತಿಳಿಯಬೇಡಿ. ನಮ್ಮದು ಎದ್ದ ಸುದ್ದಿ ಕೇಳಿ ಊರಿನವರು ಅಣ್ಣನ ಹತ್ತಿರ ಇನ್ನೆರಡು ಕಂಪ್ಯೂಟರ್, ಒಂದು ಟಿ.ವಿ. ಒಯ್ದರು. ಟಿ.ವಿ. ಮತ್ತು ಒಂದು ಕಂಪ್ಯೂಟರ್ ಎದ್ದವು. ಇನ್ನೊಂದು ಸಿಡಿಲು ಬಡಿದು ಚಿಪ್ಪೇ ಸುಟ್ಟಿತ್ತು. "ಇದಕ್ಕೆ ದುಡ್ಡು ಹಾಕಬೇಡ" ಅಂತ ಅಣ್ಣ ವಾಪಸು ಕಳಿಸಿದರು. ಮುದಿ ಎತ್ತಿಗೂ ಒಂದು ಕೊನೆ ಇರುತ್ತೆ. ಹಳೇ ಕಂಪ್ಯೂಟರಿನಲ್ಲಿ ಬ್ಯಾಂಕ್ ವ್ಯವಹಾರ ಮಾಡೋದೂ ಬೇಡ, ಅದಕ್ಕೆ ಕಾವಲು ಸಾಲದು ಅಂತ ಮಗಳು ಹೇಳಿದ್ದಾಳೆ. ನಾವು ಲೆಕ್ಕಕ್ಕೆ, ಮಳೆ ಬರೆಯೋಕೆ ಮಾತ್ರ ಬಳಸುತ್ತೇವೆ.

ಇನ್ನೊಂದು ಎಚ್ಚರಿಕೆ. ಮನೆ ಕರೆಂಟು ನೇರ ಹೋಗುವ ಪವರ್ ಡಬ್ಬಿ, ಟಿ.ವಿ.ಯ ಹಿಂಭಾಗ, ಸ್ಟಾರ್ಟರ್ ಪ್ಯಾನೆಲ್ ಇವನ್ನು ತಿಳಿಯದವರು ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ 300 ವೋಲ್ಟಿನವರೆಗೆ ನಿಂತಿರುತ್ತೆ. ಮುಟ್ಟಿದರೆ ಹೊಡೆಯುತ್ತೆ.

ನಾವು ಮಾಡಬಹುದಾದ್ದು

ನಮ್ಮ ಸಂಘದಿಂದ ಈಗ ಒಂದು ಬೆಸುಗೆ ಕಡ್ಡಿ, ಮೀಟರ್, ಸೀಸ ಕೊಂಡಿದ್ದೇವೆ. ಎಲ್ಲ ಸೇರಿ 1,500 ರೂಪಾಯಿ ದಾಟಲಿಲ್ಲ. ಐ.ಟಿ.ಐ. ಓದುವ ಇಬ್ಬರು ಹುಡುಗರು ಭಾನುವಾರ ಅಣ್ಣನ ಅಂಗಡಿಗೆ ಹೋಗಿ ಕೂರುತ್ತಾರೆ. ಅಣ್ಣನಿಗೆ ವಯಸ್ಸಾಗಿದೆ, ಅವರ ಮಕ್ಕಳು ಈ ಕೆಲಸಕ್ಕೆ ಬಂದಿಲ್ಲ. ನಾಟಿ ಬೀಜ ಕಳಕೊಂಡ ಮೇಲೆ ಅತ್ತ ಹಾಗೆ, ಈ ವಿದ್ಯೆ ಕಳಕೊಂಡ ಮೇಲೆ ಅಳೋದು ಬೇಡ.

ಸಾಮಾನು ಕೊಳ್ಳುವಾಗ ನಾನು ಈಗ ಮೂರು ಪ್ರಶ್ನೆ ಕೇಳುತ್ತೇನೆ. ಇದಕ್ಕೆ ಸ್ಕ್ರೂ ಇದೆಯಾ, ಇಲ್ಲ ಅಂಟು ಹಾಕಿದೆಯಾ? ಬಿಡಿಭಾಗ ತಾಲೂಕಿನಲ್ಲಿ ಸಿಗುತ್ತಾ? ಕೆಟ್ಟರೆ ಬಿಚ್ಚುವವರು ಯಾರು? ಅಂಗಡಿಯವರು ನನ್ನ ಮುಖ ವಿಚಿತ್ರವಾಗಿ ನೋಡುತ್ತಾರೆ. ನೋಡಲಿ. ಹತ್ತು ಜನ ರೈತರು ಇದನ್ನೇ ಕೇಳಿದರೆ ಉತ್ತರ ಇಟ್ಟುಕೊಂಡೇ ಅವರು ಅಂಗಡಿ ತೆರೆಯುತ್ತಾರೆ.

ಮಳೆ ಲೆಕ್ಕವನ್ನು ಪೆನ್‌ಡ್ರೈವಿಗೆ ಹಾಕಿ ಒಂದನ್ನು ಮಗಳ ಮನೆಗೆ ಕೊಟ್ಟಿದ್ದೇನೆ, ಒಂದು ಸಂಘದ ಪೆಟ್ಟಿಗೆಯಲ್ಲಿದೆ. ಕಂಪ್ಯೂಟರನ್ನು ತಗಡಿನ ಮನೆಯಿಂದ ಹಂಚಿನ ಮನೆಯ ಪಡಸಾಲೆಗೆ ತಂದಿದ್ದೇವೆ. ಇದನ್ನು ಬರೆಯುವ ಹೊತ್ತಿಗೂ ಅದು ಒಂದೇ ಸಲಕ್ಕೆ ಶುರುವಾಗುತ್ತಿದೆ.

ನಿಮ್ಮ ಊರಲ್ಲೂ ಹೀಗೆ "ಹೋಯ್ತು" ಅಂದ ಸಾಮಾನನ್ನು ಯಾರಾದರೂ ಎಬ್ಬಿಸಿದ್ದರೆ, ಯಾವ ಅಂಗ ಹೋಗಿತ್ತು, ಎಷ್ಟು ಖರ್ಚಾಯಿತು ಅಂತ ಪತ್ರಿಕೆಗೆ ಬರೆಯಿರಿ. ಎಬ್ಬಿಸೋಕೆ ಆಗದೆ ಇದ್ದರೆ ಅದನ್ನೂ ಬರೆಯಿರಿ. ಎರಡರಿಂದಲೂ ಕಲಿಯೋದಿದೆ.